ಮಾಕ್ ಡ್ರಾಫ್ಟ್ ಸಿಮ್ಯುಲೇಟರ್: ಆಟಗಾರನ ದರ ಹೇಳುತ್ತದೆ, ಕೊಳ್ಳುವ ತಂಡವನ್ನಲ್ಲ

ಏಪ್ರಿಲ್ ಕೊನೆಯ ವಾರ ಹತ್ತಿರ ಬಂದರೆ ಅಮೆರಿಕನ್ ಫುಟ್‌ಬಾಲ್ ಹುಚ್ಚಿರುವವರಿಗೆ ಒಂದೇ ಕೆಲಸ: ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡ ಯಾರನ್ನು ಎತ್ತುತ್ತದೆ ಎಂದು ಮೊದಲೇ ಪಟ್ಟಿ ಬರೆದಿಡುವುದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈ ಜಾತಿಯವರು ಹೆಚ್ಚಿಲ್ಲ. ಗೋಪಿ ಸರ್ಕಲ್‌ನಲ್ಲಿ ನಿಂತು ಐಪಿಎಲ್ ಹರಾಜಿನ ಬಗ್ಗೆ ಮಾತಾಡಲು ನೂರು ಜನ ಸಿಗುತ್ತಾರೆ, ಡ್ರಾಫ್ಟ್ ಅಂದರೆ ಒಬ್ಬರು ಸಿಕ್ಕಿದರೂ ಪುಣ್ಯ. ಹಾಗಾಗಿ ಇಲ್ಲಿನವರಿಗೆ ಚರ್ಚೆಗೆ ಸಿಗುವ ಜೊತೆಗಾರನೆಂದರೆ ಮಾಕ್ ಡ್ರಾಫ್ಟ್ ಸಿಮ್ಯುಲೇಟರ್, ಅಂದರೆ ಡ್ರಾಫ್ಟನ್ನು ಅಣಕುರೂಪದಲ್ಲಿ ಓಡಿಸಿ ತೋರಿಸುವ ವೆಬ್‌ಸೈಟ್. ಪ್ರೊ ಫುಟ್‌ಬಾಲ್ ಫೋಕಸ್, ಪ್ರೊ ಫುಟ್‌ಬಾಲ್ ನೆಟ್‌ವರ್ಕ್ ಮುಂತಾದವರ ಸಿಮ್ಯುಲೇಟರ್‌ಗಳು ಹೆಸರುವಾಸಿ. ಒಂದೊಂದರ ಚಹರೆ ಬೇರೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಈ ವಿಮರ್ಶೆ ಯಾವುದೋ ಒಂದು ಸೈಟಿನದಲ್ಲ, ಈ ಬಗೆಯ ಸಾಧನದ್ದು.

ಹರಾಜು ಮಾತ್ರ ಗೊತ್ತಿರುವವರಿಗೆ ಎರಡು ಮಾತು. ಡ್ರಾಫ್ಟ್‌ನಲ್ಲಿ ಹಣ ಕೂಗುವುದಿಲ್ಲ. 32 ತಂಡ, 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದವರಿಗೆ ಸುತ್ತಿನ ಕೊನೆಯದು. ಸರದಿಯನ್ನು ಮಾತ್ರ ಬೇರೆ ತಂಡದ ಜೊತೆ ಅದಲುಬದಲು ಮಾಡಿಕೊಳ್ಳಬಹುದು. ಭವಿಷ್ಯ ಹೇಳುವವರ ತಲೆ ಕೆಡಿಸುವುದು ಈ ಅದಲುಬದಲೇ.

ಸಿಮ್ಯುಲೇಟರ್ ಒಳಗೆ ಮೂರು ಸಂಗತಿ ಓಡುತ್ತಿರುತ್ತವೆ. ಒಂದು, ಬೋರ್ಡ್, ಅಂದರೆ ಆಟಗಾರರ ಕ್ರಮಾಂಕದ ಪಟ್ಟಿ. ಎರಡು, ಪ್ರತಿ ತಂಡಕ್ಕೆ ಯಾವ ಜಾಗದಲ್ಲಿ ಆಟಗಾರ ಕೊರತೆ ಎಂಬ ನೀಡ್ಸ್ ಪಟ್ಟಿ. ಮೂರು, ಒಂದಿಷ್ಟು ಅದೃಷ್ಟದ ಏರುಪೇರು. ಸರದಿ ಬಂದಾಗ ಯಂತ್ರ ಉಳಿದವರಲ್ಲಿ ಮೇಲಿನ ಕೆಲವರನ್ನು ತೆಗೆದು, ಕೊರತೆಗೆ ಹೊಂದುವವನಿಗೆ ತೂಕ ಹೆಚ್ಚಿಸಿ, ಸ್ವಲ್ಪ ಏರುಪೇರು ಬೆರೆಸಿ ಒಬ್ಬನನ್ನು ಎತ್ತುತ್ತದೆ. ಅಷ್ಟೇ. ಇದರಲ್ಲಿ ಗುಪ್ತ ಮಾಹಿತಿ ಏನೂ ಇಲ್ಲ.

ಬಳಸುವ ಮೊದಲು ಒಂದು ಪರೀಕ್ಷೆ ಮಾಡಿ. ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಸೇರುವ ಫ್ರೀ ಏಜೆನ್ಸಿ ಮಾರ್ಚ್ ಮಧ್ಯದಲ್ಲಿ ಶುರುವಾಗುತ್ತದೆ. ಆಗ ಯಾವುದಾದರೂ ತಂಡ ದೊಡ್ಡ ಮೊತ್ತಕ್ಕೆ ಎದುರಾಳಿಯನ್ನು ತಡೆದು ನಿಲ್ಲಿಸುವ ಒಬ್ಬ ಲೆಫ್ಟ್ ಟ್ಯಾಕಲ್‌ನನ್ನು ಕೊಂಡಿದ್ದರೆ ಆ ತಂಡದ ನೀಡ್ಸ್ ಪಟ್ಟಿ ತೆರೆದು ನೋಡಿ. ಟ್ಯಾಕಲ್ ಇನ್ನೂ ಮೊದಲ ಸಾಲಿನಲ್ಲೇ ಇದ್ದರೆ ಆ ಸೈಟ್ ಮುಚ್ಚಿಬಿಡಿ, ಹಳೆ ಪಟ್ಟಿ ಮೇಲೆ ಎಷ್ಟು ಸಲ ಓಡಿಸಿದರೂ ವ್ಯರ್ಥ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ, ಆಟಗಾರರ ಓಟ-ಜಿಗಿತ ಅಳೆಯುವ ಕಂಬೈನ್‌ಗೆ ಮುಂಚಿನ ಮಾಕ್‌ಗಳು ಬರಿ ಕಾಲಕ್ಷೇಪ. ಕಾಲೇಜುಗಳಲ್ಲೇ ಅದೇ ಬಗೆಯ ಪರೀಕ್ಷೆ ನಡೆಯುವ ಪ್ರೊ ಡೇ ಮುಗಿದು, ಏಪ್ರಿಲ್ ಎರಡನೇ ವಾರ ದಾಟಿದ ಮೇಲೆ ಬೋರ್ಡ್ ಒಂದು ಹದಕ್ಕೆ ಬರುತ್ತದೆ.

ಸೆಟ್ಟಿಂಗ್ಸ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಭವಿಷ್ಯ ಹೇಳುವುದು ಉದ್ದೇಶವಾದರೆ ಯಾವ ತಂಡವನ್ನೂ ಕೈಗೆ ತೆಗೆದುಕೊಳ್ಳಬೇಡಿ, 32ನ್ನೂ ಕಂಪ್ಯೂಟರಿಗೇ ಬಿಡಿ. ನೀವು 6ನೆಯ ಸರದಿಯಲ್ಲಿ ಮೆಚ್ಚಿನ ಹುಡುಗನನ್ನು ಎತ್ತಿದ ಕ್ಷಣ ಕೆಳಗಿನ 26 ಆಯ್ಕೆಗಳೂ ಅಲುಗುತ್ತವೆ. ಒಂದಾದರೂ ತಂಡ ಆರಿಸಲೇಬೇಕು ಎಂದು ಸೈಟ್ ಹಟ ಹಿಡಿದರೆ 32ನೆಯ ಸರದಿಯ ತಂಡವನ್ನು ಆರಿಸಿ. ಮೇಲಿನ 31ಕ್ಕೆ ನಿಮ್ಮ ಕೈ ತಾಗುವುದಿಲ್ಲ. ಸುತ್ತು ಒಂದೇ ಸಾಕು, ವೇಗ ಗರಿಷ್ಠಕ್ಕೆ ಇಡಿ. ಏರುಪೇರಿನ ಗುಂಡಿಯನ್ನು ಸೊನ್ನೆಗೆ ಇಳಿಸಿದರೆ ಪ್ರತಿ ಸಲವೂ ಅದೇ ಪಟ್ಟಿ ಬರುತ್ತದೆ, ಪೂರ್ತಿ ಏರಿಸಿದರೆ ಮೂರನೇ ಸುತ್ತಿನವನು ಮೊದಲ ಹತ್ತರೊಳಗೆ ಬಂದು ಕೂರುತ್ತಾನೆ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಇಟ್ಟು ಇಪ್ಪತ್ತು ಸಲ ಓಡಿಸಿ, ಯಾರು ಯಾವ ಸರದಿಗಳ ನಡುವೆ ಹೋದರೆಂದು ಕಾಗದದಲ್ಲಿ ಗೆರೆ ಎಳೆಯುತ್ತಾ ಬನ್ನಿ. ಒಬ್ಬ ಇಪ್ಪತ್ತರಲ್ಲಿ ಹದಿನೇಳು ಸಲ 8ರಿಂದ 14ರೊಳಗೆ ಹೋಗುತ್ತಿದ್ದರೆ ಅದು ಅವನ ದರ. ಈ ಕೆಲಸದಲ್ಲಿ ಸಿಮ್ಯುಲೇಟರ್‌ಗೆ ಸಾಟಿ ಇಲ್ಲ.

ದರ ಗೊತ್ತಾಯಿತು ಎಂದ ಮಾತ್ರಕ್ಕೆ ಕೊಳ್ಳುವವನು ಗೊತ್ತಾಗುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಇವತ್ತು ಎಷ್ಟರ ಆಸುಪಾಸು ಎಂದು ಯಾರು ಬೇಕಾದರೂ ಹೇಳುತ್ತಾರೆ. ಯಾವ ಲಾಟ್ ಯಾವ ವ್ಯಾಪಾರಿಗೆ ಎಂಬುದು ಟೆಂಡರ್ ತೆರೆಯುವವರೆಗೂ ಗುಟ್ಟು. 2025ರ ಡ್ರಾಫ್ಟ್‌ನಲ್ಲಿ ಆದದ್ದೂ ಇದೇ. ಟೆನೆಸ್ಸಿ ಟೈಟನ್ಸ್ ಮೊದಲ ಸರದಿಯಲ್ಲಿ ಕ್ಯಾಮ್ ವಾರ್ಡ್‌ನನ್ನು ತೆಗೆದುಕೊಂಡಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಟ್ರಾವಿಸ್ ಹಂಟರ್ 2ನೆಯವನಾಗಿ ಹೋಗುತ್ತಾನೆಂಬುದೂ ಬಹುತೇಕರ ಪಟ್ಟಿಯಲ್ಲಿತ್ತು, ಆದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಹೆಸರಿನಲ್ಲಿ. ಆ ಸರದಿಯನ್ನು ಜಾಕ್ಸನ್‌ವಿಲ್ ಜಾಗ್ವಾರ್ಸ್ ಕೊಂಡುಕೊಂಡಿತು.

ಆ ವ್ಯವಹಾರದ ಲೆಕ್ಕ ನೋಡಿದರೆ ಯಂತ್ರದ ಬಲವೂ ದೌರ್ಬಲ್ಯವೂ ಒಟ್ಟಿಗೇ ಕಾಣುತ್ತವೆ. ಡಲ್ಲಾಸ್ ಕೌಬಾಯ್ಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನ, ಪ್ರತಿ ಸರದಿಗೂ ಬೆಲೆ ಕಟ್ಟುವ ಹಳೆಯ ಚಾರ್ಟ್ ಪ್ರಕಾರ 1ನೆಯ ಸರದಿಗೆ 3000 ಅಂಕ, 2ಕ್ಕೆ 2600, 5ಕ್ಕೆ 1700. ಜಾಗ್ವಾರ್ಸ್ ಕೊಟ್ಟದ್ದು 5, 36, 126ನೆಯ ಸರದಿಗಳು: 1700, 540, 46, ಒಟ್ಟು 2286. ಜೊತೆಗೆ 2026ರ ಮೊದಲ ಸುತ್ತಿನ ಸರದಿ. ಪಡೆದದ್ದು 2, 104, 200: ಸುಮಾರು 2697. ಕೊರತೆ 411. ಮುಂದಿನ ವರ್ಷದ ಸರದಿಯನ್ನು ಒಂದು ಸುತ್ತು ಇಳಿಸಿ ಲೆಕ್ಕ ಹಾಕುವುದು ರೂಢಿ. ಎರಡನೇ ಸುತ್ತಿನ ನಡುವಿನ 48ನೆಯ ಸರದಿಗೆ ಚಾರ್ಟಿನಲ್ಲಿ 420. ಅಂದರೆ ಬೆಲೆ ಕೂದಲೆಳೆಯಷ್ಟು ಆಚೀಚೆ ಸರಿಯಾಗಿದೆ, ಇದನ್ನು ಯಾವ ಸಿಮ್ಯುಲೇಟರ್ ಬೇಕಾದರೂ ಒಪ್ಪುತ್ತದೆ. ಇಷ್ಟು ಸುರಿಯಲು ಜಾಗ್ವಾರ್ಸ್ ಸಿದ್ಧವಿದೆ ಎಂದು ಊಹಿಸುವ ಅಂಗ ಮಾತ್ರ ಅದಕ್ಕಿಲ್ಲ.

ಟ್ರೇಡ್ (ಸರದಿಯ ಅದಲುಬದಲು) ವಿಭಾಗದ ಇನ್ನೊಂದು ದೋಷ: ಚಾರ್ಟಿನ ಕೂಡಿಕೆ ಸರಿಬಂದರೆ ಯಂತ್ರ ತಲೆಯಾಡಿಸುತ್ತದೆ. 33, 34, 35ನೆಯ ಸರದಿಗಳನ್ನು ಕೂಡಿದರೆ 1690, ಅಂದರೆ ಹತ್ತಿರ ಹತ್ತಿರ 5ನೆಯ ಸರದಿಯ ಬೆಲೆ. ನಿಜವಾದ ಮ್ಯಾನೇಜರ್ ಅಂಚಿನಿಂದ ಎದುರಾಳಿಯ ಮೇಲೆ ನುಗ್ಗುವ ಒಬ್ಬ ಉತ್ತಮ ಎಡ್ಜ್ ರಷರ್‌ನನ್ನು ಬಿಟ್ಟು ಮೂವರು ಎರಡನೇ ಸುತ್ತಿನವರನ್ನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಚಿಲ್ಲರೆ ಕೂಡಿಸಿ ಮೊದಲ ಸುತ್ತಿನಲ್ಲಿ ನಾಲ್ಕು ಸರದಿ ಹೊಡೆದುಕೊಂಡ ಸ್ಕ್ರೀನ್‌ಶಾಟ್‌ಗಳನ್ನು ನೋಡಿ ಯಾರೂ ಮರುಳಾಗಬೇಕಿಲ್ಲ. ಭವಿಷ್ಯದ ಪಟ್ಟಿಗಾಗಿ ಓಡಿಸುವಾಗ ಟ್ರೇಡ್ ಆಫ್ ಮಾಡುವುದೇ ಒಳ್ಳೆಯದು.

ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಂತೂ ಯಂತ್ರವನ್ನು ನಂಬಲೇಬೇಡಿ. 2024ರ ಮಾರ್ಚ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಕರ್ಕ್ ಕಸಿನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ 4 ವರ್ಷಕ್ಕೆ 18 ಕೋಟಿ ಡಾಲರ್‌ವರೆಗಿನ ಒಪ್ಪಂದ ಕೊಟ್ಟಿತು. ನೀಡ್ಸ್ ಪಟ್ಟಿಯಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸಾಲು ಉಳಿಯಲು ಕಾರಣವೇ ಇರಲಿಲ್ಲ. ಏಪ್ರಿಲ್‌ನಲ್ಲಿ ಅದೇ ತಂಡ 8ನೆಯ ಸರದಿಯಲ್ಲಿ ಮೈಕೆಲ್ ಪೆನಿಕ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆಯಿತು. ಮರುವರ್ಷ ತಿರುಗುಮುರುಗು: ಎಷ್ಟೋ ಪಟ್ಟಿಗಳಲ್ಲಿ ಮೊದಲ ಸುತ್ತಿನಲ್ಲಿದ್ದ ಶೆಡೂರ್ ಸ್ಯಾಂಡರ್ಸ್ ಐದನೇ ಸುತ್ತಿಗೆ, 144ನೆಯ ಸರದಿಗೆ ಜಾರಿದ. ಅವನನ್ನು ತೆಗೆದುಕೊಂಡ ಬ್ರೌನ್ಸ್ ಆ ವೇಳೆಗಾಗಲೇ 94ನೆಯ ಸರದಿಯಲ್ಲಿ ಡಿಲನ್ ಗೇಬ್ರಿಯಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಯಾಗಿತ್ತು! ಸಂದರ್ಶನದಲ್ಲಿ ಹುಡುಗ ಹೇಗಿದ್ದ, ವೈದ್ಯರ ವರದಿಯಲ್ಲಿ ಏನಿತ್ತು, ಕೋಚ್‌ಗೆ ಯಾರ ಮೇಲೆ ಮನಸ್ಸು ಎಂಬುದು ಬೋರ್ಡ್‌ನ ಕ್ರಮಾಂಕಕ್ಕೆ ಇಳಿಯುವುದಿಲ್ಲ.

ಸುತ್ತಿನ ಬಾಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸಬರ ಒಪ್ಪಂದ 4 ವರ್ಷದ್ದು. ಮೊದಲ ಸುತ್ತಿನವರಿಗೆ ಮಾತ್ರ ಒಪ್ಪಂದವನ್ನು ಐದನೇ ವರ್ಷಕ್ಕೂ ಬೆಳೆಸುವ ಆಯ್ಕೆ ತಂಡದ ಕೈಯಲ್ಲಿ ಇರುತ್ತದೆ. ಕ್ವಾರ್ಟರ್‌ಬ್ಯಾಕ್ ಮಟ್ಟಿಗೆ ಆ ಒಂದು ವರ್ಷ ದುಬಾರಿ ಸೊತ್ತು. 2018ರಲ್ಲಿ ಬಾಲ್ಟಿಮೋರ್ ರೇವನ್ಸ್ 32ನೆಯ ಸರದಿಗೆ ಏರಿಬಂದು ಲಮಾರ್ ಜಾಕ್ಸನ್‌ನನ್ನು ಪಡೆಯಿತು, 2025ರಲ್ಲಿ ನ್ಯೂಯಾರ್ಕ್ ಜೈಂಟ್ಸ್ 25ಕ್ಕೆ ಏರಿ ಜಾಕ್ಸನ್ ಡಾರ್ಟ್‌ನನ್ನು ಆರಿಸಿತು. ಆದ್ದರಿಂದ 25ರಿಂದ 32ರ ನಡುವೆ ಕೈಬರಹದಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಜಾಗ ಮಾಡಿ, ಸಿಮ್ಯುಲೇಟರ್ ಏನೇ ಹೇಳಲಿ.

ದುಡ್ಡು ಕೊಡಬೇಕೇ? ಭವಿಷ್ಯದ ಪಟ್ಟಿಗಷ್ಟೇ ಆದರೆ ಬೇಡ. ಉಚಿತ ಸಿಮ್ಯುಲೇಟರ್ ಒಂದು, ಅದರ ಪಕ್ಕಕ್ಕೆ ಎಲ್ಲರ ಮಾಕ್‌ಗಳನ್ನು ಒಟ್ಟುಗೂಡಿಸಿ ಸರಾಸರಿ ಬೋರ್ಡ್ ಕೊಡುವ ಎನ್‌ಎಫ್‌ಎಲ್ ಮಾಕ್ ಡ್ರಾಫ್ಟ್ ಡೇಟಾಬೇಸ್ ಇದ್ದರೆ ಬೇಕಾದಷ್ಟಾಯಿತು. ಎರಡರ ನಡುವೆ ಒಬ್ಬ ಆಟಗಾರನ ಕ್ರಮಾಂಕ ಹದಿನೈದಕ್ಕಿಂತ ಹೆಚ್ಚು ದೂರವಿದ್ದರೆ ಸಿಮ್ಯುಲೇಟರ್ ಕಂಪನಿಯ ಸ್ವಂತ ರೇಟಿಂಗ್ ನುಸುಳಿದೆ ಎಂದೇ ಅರ್ಥ. ಬೋರ್ಡ್ ಬದಲಿಸುವ ಅವಕಾಶವಿದ್ದರೆ ಸರಾಸರಿ ಬೋರ್ಡ್ ಹಾಕಿ. ಡ್ರಾಫ್ಟ್ ಮುಗಿದ ಮೇಲೆ ನಿಮ್ಮ ಪಟ್ಟಿಗೆ ಅಂಕ ಹಾಕುವಾಗ ಆಟಗಾರ ಮೊದಲ ಸುತ್ತಿನಲ್ಲಿ ಹೋದರೆ 1, ತಂಡವೂ ಸರಿಯಾದರೆ ಮತ್ತೆ 2, 32 ಸರದಿಗೆ ಪೂರ್ಣಾಂಕ 96. ಸಿಮ್ಯುಲೇಟರ್ ಪಟ್ಟಿಯನ್ನು ಹಾಗೇ ನಕಲು ಮಾಡಿದವರಿಗೆ ಮೊದಲನೆಯ ಬಾಬ್ತಿನಲ್ಲಿ ಅಂಕ ಬರುತ್ತದೆ, ಎರಡನೆಯದರಲ್ಲಿ ಸೋರಿಹೋಗುತ್ತದೆ.

ಫೋನಿನಲ್ಲಿ ಬಳಸುವವರು ಬ್ರೌಸರ್ ಬಿಟ್ಟು ಬೇರೆ ಆ್ಯಪ್‌ಗೆ ಹೋಗಬಾರದು. ಪುಟ ಮತ್ತೆ ಲೋಡ್ ಆದರೆ ಓಡುತ್ತಿದ್ದ ಡ್ರಾಫ್ಟ್ ಮಾಯವಾಗುವುದುಂಟು. ಹೊಸನಗರ, ಆಗುಂಬೆ ಕಡೆ ಸಿಗ್ನಲ್ ಒಂದೇ ಕಡ್ಡಿಗೆ ಇಳಿಯುವ ಜಾಗದಲ್ಲಿ ಪ್ರತಿ ಓಟದ ಕೊನೆಗೆ ಸ್ಕ್ರೀನ್‌ಶಾಟ್ ತೆಗೆದಿಡುವುದು ಕ್ಷೇಮ. 2025ರ ವೇಳಾಪಟ್ಟಿಯಂತೆ ಮೊದಲ ಸುತ್ತು ನಮ್ಮಲ್ಲಿ ಶುಕ್ರವಾರ ಬೆಳಗಿನ 5.30ಕ್ಕೆ, ಎರಡು ಮೂರನೇ ಸುತ್ತು ಶನಿವಾರ ಬೆಳಗಿನ 4.30ಕ್ಕೆ, ಉಳಿದದ್ದು ಶನಿವಾರ ರಾತ್ರಿ 9.30ಕ್ಕೆ. ಬೆಳಗಿನ ಎರಡಕ್ಕೆ ಅಲಾರಂ ಒಂದಿದ್ದರೆ ಸಾಕು. ಶನಿವಾರ ರಾತ್ರಿಯದಕ್ಕೆ ಮಾತ್ರ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗುವ ಕಾಲ, ಇನ್ವರ್ಟರ್ ಇಲ್ಲದ ಮನೆಯವರು ನಾಲ್ಕು ಗಂಟೆಯೊಳಗೆ ಫೋನ್, ಪವರ್‌ಬ್ಯಾಂಕ್ ಎರಡನ್ನೂ ಚಾರ್ಜ್‌ಗೆ ಹಾಕಿಕೊಳ್ಳಲಿ.