ಡೆಟ್ರಾಯಿಟ್ ನಗರದ ನಿವೃತ್ತಿ ಸೇವೆ: ಒಂದು ವಿಮರ್ಶೆ

ಪಿಂಚಣಿಯೂ ಒಂದು ಸೇವೆಯೇ. ಅದರ ಬೆಲೆಯನ್ನು ನೌಕರರು ದುಡಿಯುವ ವರ್ಷಗಳಲ್ಲೇ ತೆತ್ತಿರುತ್ತಾರೆ. ಆ ದೃಷ್ಟಿಯಿಂದ ನೋಡಿದರೆ ಅಮೆರಿಕದ ಡೆಟ್ರಾಯಿಟ್ ನಗರದ ಪಿಂಚಣಿ ವ್ಯವಸ್ಥೆಗೆ ಅರ್ಧ ಮೆಚ್ಚುಗೆ ಸಲ್ಲುತ್ತದೆ, ಆರೋಗ್ಯ ಸೌಲಭ್ಯಕ್ಕೆ ಅಷ್ಟೂ ಸಲ್ಲುವುದಿಲ್ಲ.

ಸುಮಾರು 1,800 ಕೋಟಿ ಡಾಲರ್ ಹೊಣೆ ಹೊತ್ತು 2013ರ ಜುಲೈನಲ್ಲಿ ನಗರವು ದಿವಾಳಿ ಅರ್ಜಿ ಸಲ್ಲಿಸಿದಾಗ, 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 7 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಿವೃತ್ತರ ಸಂಖ್ಯೆ ಕೆಲಸದಲ್ಲಿದ್ದವರ ಎರಡು ಪಟ್ಟನ್ನು ಮೀರಿತ್ತು. ತೆರಿಗೆ ಕೊಡುವವರು ಊರು ಬಿಟ್ಟರೂ ಕೊಟ್ಟ ಮಾತು ಊರಲ್ಲೇ ಉಳಿಯುತ್ತದೆ.

ಪ್ರತಿಷ್ಠಾನಗಳು, ಮಿಷಿಗನ್ ರಾಜ್ಯ ಮತ್ತು ನಗರದ ಕಲಾ ಸಂಗ್ರಹಾಲಯ ಸೇರಿ 80 ಕೋಟಿ ಡಾಲರ್‌ಗೂ ಹೆಚ್ಚು ನೆರವಿನ ವಾಗ್ದಾನ ನೀಡಿದ್ದರಿಂದ, ಸಾಮಾನ್ಯ ನೌಕರರ ಮೂಲ ಪಿಂಚಣಿಯ ಕಡಿತ ಶೇ. 4.5ಕ್ಕೆ ನಿಂತಿತು, ಪೊಲೀಸ್ ಮತ್ತು ಅಗ್ನಿಶಾಮಕ ನಿವೃತ್ತರ ಮೂಲ ಮೊತ್ತಕ್ಕೆ ಕೈ ಹಾಕಲಿಲ್ಲ. ಇದು ನಿಜಕ್ಕೂ ಶ್ಲಾಘನೀಯ. ಆದರೆ ಸಾಮಾನ್ಯ ನೌಕರರಿಗೆ ಬೆಲೆಯೇರಿಕೆಗೆ ತಕ್ಕ ವಾರ್ಷಿಕ ಹೆಚ್ಚಳವೂ ರದ್ದಾಯಿತು. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಷರತ್ತೇ, ನನ್ನ ಅಭಿಪ್ರಾಯದಲ್ಲಿ, ವರ್ಷ ಕಳೆದಂತೆ ಹೆಚ್ಚು ನೋಯಿಸುವಂಥದ್ದು.

ಆರೋಗ್ಯ ಸೌಲಭ್ಯದ ಕಥೆ ಇನ್ನೂ ಕಠಿಣ. ಅದಕ್ಕೆಂದು ಮುಂಗಡವಾಗಿ ಸಾಕಷ್ಟು ಹಣ ಕೂಡಿಡದೆ, ವರ್ಷವರ್ಷದ ಬಜೆಟ್‌ನಿಂದಲೇ ಭರಿಸುತ್ತಿದ್ದ ಕಾರಣ, ಅತ್ಯಂತ ದೊಡ್ಡ ಕಡಿತ ಅಲ್ಲಿಯೇ ಬಿತ್ತು; 65 ತುಂಬದ, ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಅರ್ಹರಾಗದ ಅನೇಕ ನಿವೃತ್ತರು ಮಾಸಿಕ ಭತ್ಯೆಯನ್ನಷ್ಟೇ ಹಿಡಿದು ತಾವೇ ವಿಮೆ ಹುಡುಕಿಕೊಳ್ಳಬೇಕಾಯಿತು.