ಮಲೆನಾಡಿನ ಒಳದಾರಿಗೆ ಮೂರು ರಿಂಗಿನ ಸೈಕಲ್: 22 ಹಲ್ಲಿನ ಚಿಕ್ಕ ರಿಂಗ್ ಬಳಸಿದ ಮೇಲೆ

ಮಲೆನಾಡಿನಲ್ಲಿ ಗಾಡಿ ಓಡಾಟ ಕಡಿಮೆ ಇರುವ ರಸ್ತೆ ಬೇಕು ಅಂದ್ರೆ ಚಡಾವು ಹತ್ತಲೇಬೇಕು. ಹೆದ್ದಾರಿ ಮಾಡುವಾಗ ಬಸ್ಸು, ಲಾರಿ ಹತ್ತಬೇಕಲ್ಲ ಅಂತ ಗುಡ್ಡ ಕಡಿದು, ಸುತ್ತು ಹಾಕಿಸಿ ಏರನ್ನು ತಗ್ಗಿಸಿರುತ್ತಾರೆ. ಊರೊಳಗಿನ ದಾರಿಗೆ ಅಷ್ಟೆಲ್ಲ ಖರ್ಚು ಮಾಡುವವರು ಯಾರು? ಜನ ನಡೆದು ಹೋಗುತ್ತಿದ್ದ ಕಡೆಯೇ ಜಲ್ಲಿ ಸುರಿದು ಟಾರು ಹಾಕಿರುತ್ತಾರೆ. ಅಂಥ ದಾರಿ ಗದ್ದೆ ಬದಿಯಿಂದ ಹೊರಟರೆ ನೇರ ಗುಡ್ಡದ ನೆತ್ತಿಗೆ ಹೋಗುತ್ತದೆ. ಅಲ್ಲಿಂದ ಅಷ್ಟೇ ನೇರವಾಗಿ ಇನ್ನೊಬ್ಬರ ಅಡಿಕೆ ತೋಟಕ್ಕೆ ಇಳಿಯುತ್ತದೆ. ಹಾಗಾಗಿ ಈ ಕಡೆ ಸಾಮಾನು ಕಟ್ಟಿಕೊಂಡು ಸೈಕಲ್ ಪ್ರವಾಸ ಮಾಡುವವರು ಸೈಕಲ್ಲಿನ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಅದರ ಅತಿ ಹಗುರ ಗೇರ್ ಯಾವುದು ಅನ್ನುವುದನ್ನು.

ನಾನು ತೀರ್ಥಹಳ್ಳಿ ಕಡೆಯವಳು, ಐವತ್ತು ದಾಟಿದೆ. ನನ್ನ ಉಕ್ಕಿನ ಫ್ರೇಮಿನ ಸೈಕಲ್ಲಿಗೆ ಹಾಕಿಸಿಕೊಂಡಿರುವುದು ಶಿಮಾನೊ ಕಂಪನಿಯ ಆಲಿವಿಯೊ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ರಿಂಗುಗಳ ಜೋಡಣೆ. ಮುಂದೆ, ಪೆಡಲ್ ಪಕ್ಕ, ಚೈನ್ ಕೂರುವ ಹಲ್ಲಿನ ರಿಂಗ್ ಮೂರು: 44, 32, 22 ಹಲ್ಲು. ಹಿಂದಿನ ಗಾಲಿಯಲ್ಲಿ 9 ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, 11ರಿಂದ 34 ಹಲ್ಲಿನವರೆಗೆ. ಟೈರು 38 ಮಿಲಿಮೀಟರ್ ಅಗಲದ್ದು. ಹಾಕಿಸುವಾಗ ಶಿವಮೊಗ್ಗದ ಮೆಕ್ಯಾನಿಕ್, "ಮೇಡಂ, ಈಗ ಯಾರೂ ಮೂರು ರಿಂಗ್ ಕೇಳಲ್ಲ, ಒಂದೇ ರಿಂಗಿನದ್ದು ಹಾಕಿಸಿ, ನೀಟಾಗಿರುತ್ತೆ" ಅಂದಿದ್ದರು. ನಾನು ಮೂರರದ್ದೇ ಬೇಕು ಅಂದೆ. ಆಮೇಲೆ ಮಳೆಗಾಲ, ಬೇಸಿಗೆ ಎರಡರಲ್ಲೂ ಓಡಿಸಿದ್ದೇನೆ. ಈಗಲೂ ಅದನ್ನೇ ಹೇಳುತ್ತೇನೆ.

ಲೆಕ್ಕ ಸುಲಭ. ಮುಂದಿನ ರಿಂಗ್ ಚಿಕ್ಕದಾದಷ್ಟೂ, ಹಿಂದಿನ ಚಕ್ರ ದೊಡ್ಡದಾದಷ್ಟೂ ತುಳಿತ ಹಗುರ. ಮುಂದೆ 22, ಹಿಂದೆ 34 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಮುಂದೆ ಹೋಗುವುದು ಸುಮಾರು 1.4 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿಲೋಮೀಟರ್ ಆಗುತ್ತದೆ, ನಡಿಗೆಯ ವೇಗ. ಆದರೆ ಕಾಲು ಆರಾಮಾಗಿ ತಿರುಗುತ್ತಿರುತ್ತದೆ, ಉಸಿರು ಕಟ್ಟುವುದಿಲ್ಲ, ಪಕ್ಕದವರ ಜೊತೆ ಮಾತಾಡಬಹುದು. ರೋಡ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಬರುವ ಮುಂದೆ 34, ಹಿಂದೆ 28 ಜೋಡಿ ತಗೊಳ್ಳಿ. ಅಲ್ಲಿ ಒಂದು ಸುತ್ತಿಗೆ ಎರಡೂವರೆ ಮೀಟರ್ ಮೇಲೆ. ಅದೇ 5 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಬರೀ 32 ಸುತ್ತು. ಅಂದರೆ ಪ್ರತಿ ತುಳಿತಕ್ಕೂ ಮೈಭಾರ ಪೂರ್ತಿ ಒಂದು ಮೊಣಕಾಲಿನ ಮೇಲೆ ಬೀಳುತ್ತದೆ. ಐದು ನಿಮಿಷ ತಡೆದುಕೊಳ್ಳಬಹುದು. ದಿನವಿಡೀ ಆಗುವ ಮಾತಲ್ಲ.

ಇದನ್ನು ಪರೀಕ್ಷೆ ಮಾಡಲು ನಮ್ಮ ಕಡೆ ಕುಂದಾದ್ರಿಗಿಂತ ಒಳ್ಳೆಯ ಜಾಗ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 826 ಮೀಟರ್, ತುದಿಯಲ್ಲಿ ಪಾರ್ಶ್ವನಾಥ ಬಸದಿ. ಅಲ್ಲಿವರೆಗೂ ಟಾರು ರಸ್ತೆ ಇದೆ. ಕಿರಿದು, ಒಂದರ ಮೇಲೊಂದು ತಿರುವು, ಕೆಲವು ತಿರುವಿನ ಒಳಬದಿ ಕಾರಿನವರೂ ಮೊದಲನೇ ಗೇರಿಗೆ ಬರುವಷ್ಟು ಕಡಿದು. ನಾನು ಬುಡದಲ್ಲೇ 22ಕ್ಕೆ ಹಾಕಿ ತಿರುವಿನ ಹೊರಬದಿ ಹಿಡಿದು ಹೋಗುತ್ತೇನೆ. ನಿಧಾನ ನಿಜ, ಆದರೆ ಇಳಿಯದೆ ಮೇಲೆ ಮುಟ್ಟುತ್ತೇನೆ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ನಂದಿ ಬೆಟ್ಟ ಹತ್ತಿ ಅಭ್ಯಾಸ ಇರುವವನು. ಅವನ ಕಾರ್ಬನ್ ಸೈಕಲ್ ನನ್ನದರ ಅರ್ಧ ತೂಕ ಇರಬೇಕು. ನಡುದಾರಿಯಲ್ಲಿ ಇಳಿದು ತಳ್ಳುತ್ತಾ, "ಅತ್ತೆ, ನಿಮ್ಮ ಹಿಂದಿನ ಚಕ್ರ ಎಷ್ಟು ಹಲ್ಲಿಂದು?" ಅಂತ ಕೇಳಿದ. "ಹಿಂದಿಂದಲ್ಲ ಮಾರಾಯ, ಮುಂದಿಂದು ನೋಡು" ಅಂದೆ.

ಆಗುಂಬೆ ಘಾಟಿ ಬೇರೆ ಥರ. 14 ತಿರುವು ಅಂತ ಹೆಸರು ಮಾಡಿದ್ದರೂ ಅದು ಅಳತೆ ಹಿಡಿದು ಮಾಡಿದ ರಸ್ತೆ, ಏರು ಹೆಚ್ಚುಕಡಿಮೆ ಒಂದೇ ಹದದಲ್ಲಿದೆ. ಸೋಮೇಶ್ವರದಿಂದ ಹತ್ತುವಾಗ ನನಗೆ ನಡುವಿನ 32ರ ರಿಂಗೇ ಸಾಕಾಗುತ್ತದೆ. ಘಾಟಿ ಹತ್ತಿದ್ದೇನೆ, ಇನ್ನೇನು ಹೆದರಿಕೆ ಅಂತ ಒಳದಾರಿಗೆ ಇಳಿದವರು ಎರಡನೇ ಚಡಾವಿಗೇ ಸೋಲುವುದನ್ನು ನೋಡಿದ್ದೇನೆ. ಒಳದಾರಿಯಲ್ಲಿ ಹದ ಅನ್ನುವುದೇ ಇಲ್ಲ. ಇನ್ನೂರು ಮೀಟರ್ ಗೋಡೆಯ ಹಾಗೆ ಏರುತ್ತದೆ, ಆಮೇಲೆ ಹಳ್ಳದ ಮೋರಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ.

ನನಗೆ ಬಹಳ ಇಷ್ಟದ ಸುತ್ತು ತೀರ್ಥಹಳ್ಳಿ, ಆಗುಂಬೆ, ಬಿದರಗೋಡು, ಶೃಂಗೇರಿ, ಹರಿಹರಪುರ, ಕೊಪ್ಪ, ಕುಪ್ಪಳಿ ಮಾರ್ಗವಾಗಿ ವಾಪಸ್ ತೀರ್ಥಹಳ್ಳಿ. ದೊಡ್ಡ ರಸ್ತೆಯಲ್ಲೇ ಹೋದರೆ ಸುಮಾರು 120 ಕಿಲೋಮೀಟರ್. ಗಟ್ಟಿ ಸವಾರರು ಒಂದೇ ದಿನಕ್ಕೆ ಮುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಶೃಂಗೇರಿಯಲ್ಲಿ ಉಳಿದುಕೊಂಡು, ಮಾರನೇ ದಿನ ಹೆದ್ದಾರಿ ಬಿಟ್ಟು ತುಂಗೆಯ ಆಚೀಚೆಯ ಊರುಗಳ ಒಳಗೆ ಹೋಗುತ್ತೇನೆ. ಅಲ್ಲಿ ಒಂದು ಗಂಟೆಯಲ್ಲಿ ಎದುರಾಗುವುದು ಒಂದು ಹಾಲಿನ ಗಾಡಿ, ಎರಡು ಬೈಕು, ಒಂದು ಶಾಲೆ ವ್ಯಾನು. ಕಾನಿನ ನೆರಳು, ದರಗಿನ ಸದ್ದು, ಕೊಯ್ಲಿನ ಕಾಲವಾದರೆ ಅಡಿಕೆ ಬೇಯಿಸುವ ವಾಸನೆ. ಈ ದಾರಿಗಳಿಗಾಗಿಯೇ ನಾನು ಸೈಕಲ್ ಹೊಡೆಯುವುದು. ಇವುಗಳಲ್ಲಿ ಇಳಿದು ತಳ್ಳುತ್ತಾ ಹೋದರೆ ಮನಸ್ಸೆಲ್ಲ ಮೀನಖಂಡದ ಕಡೆ ಇರುತ್ತದೆ, ಸುತ್ತಲಿನದ್ದು ಏನೂ ಕಾಣುವುದಿಲ್ಲ. ಕೂತು ನಿಧಾನ ತುಳಿಯುವಾಗ ಎಲ್ಲ ಕಾಣುತ್ತದೆ. ಆ ಪುಟ್ಟ ರಿಂಗಿನ ಬೆಲೆ ಇರುವುದು ಇಲ್ಲಿ.

ಇನ್ನೂ ದೂರ ಹೋಗುವವರಿಗೆ ಬಾಳೆಹೊನ್ನೂರಿನಿಂದ ಮಾಗುಂಡಿ ಮೇಲೆ ಕಳಸದ ದಾರಿ ಇದೆ. ಅಲ್ಲಿಂದ ಹೊರನಾಡಿಗೂ ಹೋಗಬಹುದು. ಭದ್ರೆ ಉಕ್ಕಿದಾಗ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಕಟ್ಟಿಹೋಗುವುದುಂಟು, ಆಷಾಢದಲ್ಲಿ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಕುದುರೆಮುಖದ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. ಚೆಕ್‌ಪೋಸ್ಟ್‌ನಲ್ಲಿ ವಿಚಾರಿಸಿ, ಅವರು ಹೇಳಿದ ಹಾಗೆ ಹೋಗಿ.

ಮಳೆಗಾಲ ಅಂದಾಗ ಒಂದು ಮಾತು. ಹಳ್ಳಿ ರಸ್ತೆಯಲ್ಲಿ ಟಾರಿನ ನಡುವೆ ಒಂದು ತುಂಡು ಕಾಂಕ್ರೀಟ್ ಕಂಡರೆ ಮುಂಚೆಯೇ ಗೇರ್ ಇಳಿಸಿಬಿಡಿ. ಮಳೆ ನೀರಿಗೆ ಟಾರು ನಿಲ್ಲದಷ್ಟು ಕಡಿದಾದ ಕಡೆಯೇ ಕಾಂಕ್ರೀಟ್ ಹಾಕುವುದು. ಶ್ರಾವಣದ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಸೀಟಿನ ಮೇಲೆ ಕೂತೇ ತುಳಿಯಬೇಕು, ಕೂತು ತುಳಿಯಲು ಹಗುರ ಗೇರ್ ಬೇಕು. ಇಳಿಯುವಾಗಲೂ ಇದೇ ತುಂಡುಗಳ ಬಗ್ಗೆ ಎಚ್ಚರ. ಬ್ರೇಕ್ ಬಿಗಿಯಾಗಿ ಹಿಡಿಯಬೇಡಿ, ಮೊದಲೇ ವೇಗ ತಗ್ಗಿಸಿಕೊಳ್ಳಿ.

ಮೂರು ರಿಂಗಿನಲ್ಲಿ ತೊಂದರೆ ಇಲ್ಲವಾ? ಇದೆ. ಯಾವ ಕಂಪನಿಯದಾದರೂ ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೈಲರ್ ಆಗಾಗ ಹೊಂದಿಸಿಕೊಳ್ಳಬೇಕು. ಅದರ ತಿರುಪು ಸರಿಯಿಲ್ಲದಿದ್ದರೆ 32ರಿಂದ 22ಕ್ಕೆ ಇಳಿಸುವಾಗ ಚೈನ್ ಒಳಗಡೆ ಬಿದ್ದುಬಿಡುತ್ತದೆ. ಚಡಾವಿನ ಮಧ್ಯದಲ್ಲಿ, ಪೂರ್ತಿ ಬಲ ಹಾಕುತ್ತಿರುವಾಗ ಮುಂದಿನ ರಿಂಗ್ ಬದಲಿಸಲೇಬಾರದು. ಏರು ಶುರುವಾಗುವ ಮೊದಲೇ ಬದಲಿಸಿಕೊಳ್ಳಬೇಕು. ಇದಕ್ಕೆ ಒಂದು ವಾರದ ರೂಢಿ ಬೇಕು. 22ರ ಜೊತೆ ಹಿಂದಿನ ಅತಿ ಚಿಕ್ಕ 11 ಹಾಕಿದರೆ ಚೈನ್ ಓರೆಯಾಗಿ ಉಜ್ಜುತ್ತದೆ, ಹಾಗೆ ಹಾಕುವ ಅಗತ್ಯವೂ ಇಲ್ಲ. ಕೆಮ್ಮಣ್ಣಿನ ರಾಡಿ ಚೈನಿಗೂ ರಿಂಗಿಗೂ ಮೆತ್ತಿಕೊಳ್ಳುತ್ತದೆ. ಸಂಜೆ ಒಂದು ಹಳೇ ಬಟ್ಟೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡದಿದ್ದರೆ ಸವೆತ ಜಾಸ್ತಿ. ತೂಕವೂ ಸ್ವಲ್ಪ ಹೆಚ್ಚು, ಆದರೆ ಕ್ಯಾರಿಯರ್ ಮೇಲೆ ಬಟ್ಟೆ, ಹೊದಿಕೆ, ನೀರು ಇಟ್ಟುಕೊಂಡವರಿಗೆ ಅದು ಲೆಕ್ಕಕ್ಕಿಲ್ಲ.

ಒಂದೇ ರಿಂಗಿನ ಹೊಸ ಪದ್ಧತಿಗೂ ನ್ಯಾಯ ಸಲ್ಲಬೇಕು. ಮುಂದೆ 32, ಹಿಂದೆ 11ರಿಂದ 50ರ 12 ಚಕ್ರ ಹಾಕಿದರೆ ಹತ್ತುವ ಗೇರ್ ನನ್ನದಕ್ಕೆ ಸಮ ಬರುತ್ತದೆ. ಬಳಸಲೂ ಸುಲಭ, ಒಂದೇ ಲಿವರ್. ಆದರೆ ಬಯಲಿನಲ್ಲಿ, ಇಳಿಜಾರಿನಲ್ಲಿ ಗೇರ್ ಬೇಗ ಮುಗಿದುಹೋಗುತ್ತದೆ. 44ಕ್ಕೆ 11 ಹಾಕಿದರೆ ಒಂದು ಸುತ್ತಿಗೆ ಎಂಟೂಮುಕ್ಕಾಲು ಮೀಟರ್ ಹೋಗುವ ಕಡೆ, ಅದು ಆರೂಕಾಲರ ಆಸುಪಾಸಿಗೆ ನಿಲ್ಲುತ್ತದೆ. ಜೊತೆಗೆ 12 ಚಕ್ರದ ಚೈನ್, ಕ್ಯಾಸೆಟ್ ದುಬಾರಿ. ನನಗೆ 9 ಚಕ್ರದ ಚೈನ್ ಶಿವಮೊಗ್ಗದಲ್ಲೇ ಸಿಗುತ್ತದೆ. ಅಣ್ಣನ ಮಗನ ಸೈಕಲ್ಲಿಗೆ ಬೇಕಾದದ್ದನ್ನು ಬೆಂಗಳೂರಿನಿಂದಲೇ ತರಿಸಬೇಕಾಯಿತು. ನಾಲ್ಕು ದಿನದ ಪ್ರವಾಸದ ಮಧ್ಯೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹೊಸದಾಗಿ ಸೈಕಲ್ ಕೊಳ್ಳುವವರು ಅಂಗಡಿಯಲ್ಲಿ "21 ಗೇರ್ ಇದೆ, 27 ಗೇರ್ ಇದೆ" ಅನ್ನುವುದನ್ನು ಕೇಳಿ ಸುಮ್ನೆ ಒಪ್ಪಬೇಡಿ. ಎಷ್ಟು ಗೇರ್ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. 48, 36, 26ರ ಕ್ರ್ಯಾಂಕ್ ಹಾಕಿದ ಪ್ರವಾಸದ ಸೈಕಲ್‌ಗಳಿವೆ. ಅವು ಹೆದ್ದಾರಿಗೆ ಚೆನ್ನ, ಆದರೆ ಸಾಮಾನು ಹೇರಿಕೊಂಡು ಕುಂದಾದ್ರಿಗೆ ಹೋದರೆ 26 ಭಾರವಾಗುತ್ತದೆ. ದುಡ್ಡು ಕಡಿಮೆ ಇದ್ದರೆ 42, 34, 24 ಇರುವ ಸಾಧಾರಣ ಸೈಕಲ್ ಹುಡುಕಿ, ಹಿಂದೆ ದೊಡ್ಡ ಚಕ್ರ 34 ಹಲ್ಲಿನದ್ದು ಇದೆಯಾ ನೋಡಿ. 28 ಇದ್ದರೆ ಬದಲಿಸಿಕೊಡಿ ಅನ್ನಿ. ಪೆಡಲ್ ಒಂದು ಸುತ್ತಿಗೆ ಒಂದೂವರೆ ಮೀಟರ್ ಚಿಲ್ಲರೆ ಬರುತ್ತದೆ, ನಮ್ಮ ಊರಿನ ಬಹುಪಾಲು ಚಡಾವಿಗೆ ಅದು ಸಾಕು. ರಿಂಗಿನ ಮೇಲೆ ಹಲ್ಲಿನ ಸಂಖ್ಯೆ ಹೆಚ್ಚಾಗಿ ಕೊರೆದಿರುತ್ತದೆ. ಕಾಣದಿದ್ದರೆ ಬೆರಳಿಟ್ಟು ಎಣಿಸಿ. ದುಡ್ಡು ಕೊಡುವ ಮೊದಲು ಎಣಿಸಿ.