ಪ್ಲಾಸ್ಟರ್ ಟ್ರೋಫಿ: ಕುತ್ತಿಗೆ ಗಟ್ಟಿ, ಬಣ್ಣಕ್ಕೆ ಮಳೆಗಾಲದ ಕಾಟ

ಮಂಗಳೂರಿನ ರಥಬೀದಿ ಆಸುಪಾಸಿನ ಸ್ಮರಣಿಕೆ ಅಂಗಡಿಯೊಂದು ಫಿಲಂ ಕ್ಲಬ್ಬುಗಳಿಗೆ, ಕಾಲೇಜು ಕಿರುಚಿತ್ರ ಸ್ಪರ್ಧೆಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಟ್ರೋಫಿ ಮಾಡಿಕೊಡುತ್ತದೆ. 13.5 ಇಂಚು ಎತ್ತರ, ಮೈತುಂಬ ಚಿನ್ನದ ಬಣ್ಣ, ಕೆಳಗೆ ಕಪ್ಪು ಮರದ ಪೀಠ. ಎತ್ತರ ಆಸ್ಕರ್‌ನದೇ, ಆಕಾರ ಬೇರೆ: ಕತ್ತಿ ಹಿಡಿದ ವೀರನಿಲ್ಲ, ಫಿಲಂ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತ ಆಳು ಇದ್ದಾನೆ. ಹೀಗೆ ಮಾಡಿದ್ದೇ ಸರಿ. ಆಸ್ಕರ್ ಮೂರ್ತಿಯ ಹಕ್ಕು ಆ ಪ್ರಶಸ್ತಿ ಕೊಡುವ ಅಮೆರಿಕದ ಚಲನಚಿತ್ರ ಅಕಾಡೆಮಿಯದು, ಅದರ ಪಡಿಯಚ್ಚು ಮಾಡಿ ಮಾರುವಂತಿಲ್ಲ.

ಪ್ಲಾಸ್ಟರಿನದ್ದು ಎಂದ ಕೂಡಲೇ ಮೂಗು ಮುರಿಯುವವರು ಇದ್ದಾರೆ. ಅವರಿಗೆ ಯುದ್ಧಕಾಲದ ಹಾಲಿವುಡ್ ನೆನಪಿಸಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ತಾಮ್ರ, ತವರ ಎಲ್ಲ ಸೇನೆಯ ಪಾಲಾದವು. ತವರದ ದೊಡ್ಡ ಮೂಲವಾಗಿದ್ದ ಮಲಯ 1942ರಲ್ಲಿ ಜಪಾನಿನ ಕೈಸೇರಿತು. 1943ರಲ್ಲಿ ಅಮೆರಿಕದ ಒಂದು ಸೆಂಟ್ ನಾಣ್ಯವನ್ನೇ ತಾಮ್ರ ಬಿಟ್ಟು ಉಕ್ಕಿನಲ್ಲಿ ಟಂಕಿಸಿದರು. ಆಗ ಆಸ್ಕರ್ ಕೂಡ ಮೂರು ವರ್ಷ ಪ್ಲಾಸ್ಟರಿನದೇ ಆಗಿತ್ತು, ಮೇಲೆ ಬಣ್ಣ ಅಷ್ಟೇ. ಯುದ್ಧ ಮುಗಿದ ಮೇಲೆ ಗೆದ್ದವರನ್ನು ಕರೆದು, ಚಿನ್ನದ ಲೇಪದ ಲೋಹದ ಮೂರ್ತಿಗೆ ಬದಲಾಯಿಸಿಕೊಟ್ಟರು. ಅದುವರೆಗೆ ಬರೇ ಫಲಕ ಪಡೆಯುತ್ತಿದ್ದ ಪೋಷಕ ನಟನಟಿಯರಿಗೆ ಪೂರ್ತಿ ಮೂರ್ತಿ ಮೊದಲು ಸಿಕ್ಕಿದ್ದು 1944ರ ಮಾರ್ಚ್ 2ರ ಸಮಾರಂಭದಲ್ಲಿ. ಚಾರ್ಲ್ಸ್ ಕೋಬರ್ನ್, ಕಟೀನಾ ಪಾಕ್ಸಿನೂ ಅಂದು ಎತ್ತಿಕೊಂಡದ್ದು ಇಂಥ ಪ್ಲಾಸ್ಟರ್ ಮೂರ್ತಿಯನ್ನೇ. ಅದರ ಮಾನ ಕಡಿಮೆ ಎಂದು ಯಾರು ಹೇಳಿಯಾರು? ಹಗುರ ಮರಕ್ಕೆ ಬೇಗಡೆ ಹಚ್ಚಿದ ಕಿರೀಟ ಯಕ್ಷಗಾನದ ರಂಗಸ್ಥಳದಲ್ಲಿ ಬಂಗಾರವಾಗುವುದನ್ನು ಕಂಡ ಊರು ನಮ್ಮದು.

ಈ ಅಂಗಡಿಯ ಕೆಲಸದಲ್ಲಿ ಮೆಚ್ಚಬೇಕಾದ್ದು ಕುತ್ತಿಗೆ ಮತ್ತು ಕಣಕಾಲು. ಪ್ಲಾಸ್ಟರ್ ಮೂರ್ತಿ ಮುರಿಯುವುದೇ ಅಲ್ಲಿ. ‘ಗೋಯಿಂಗ್ ಮೈ ವೇ’ ಚಿತ್ರಕ್ಕೆ 1945ರಲ್ಲಿ ಪೋಷಕ ನಟ ಪ್ರಶಸ್ತಿ ಪಡೆದ ಬ್ಯಾರಿ ಫಿಟ್ಜ್‌ಜೆರಾಲ್ಡ್ ಮನೆಯಲ್ಲಿ ಗಾಲ್ಫ್ ಕೋಲು ಬೀಸುವಾಗ ತನ್ನ ಆಸ್ಕರ್‌ನ ತಲೆಯನ್ನೇ ಹಾರಿಸಿಬಿಟ್ಟಿದ್ದ. ಇಲ್ಲಿ ತಲೆಯಿಂದ ಪಾದದವರೆಗೆ 3 ಮಿ.ಮೀ. ಹಿತ್ತಾಳೆ ತಂತಿಯನ್ನು ಅಚ್ಚಿನೊಳಗೇ ಇಟ್ಟು ಎರಕ ಹೊಯ್ಯುತ್ತಾರೆ. ಹಿತ್ತಾಳೆಯೇ ಆಗಬೇಕು. ಕಬ್ಬಿಣದ ತಂತಿ ಹಸಿ ಪ್ಲಾಸ್ಟರಿನೊಳಗೆ ತುಕ್ಕು ಹಿಡಿದು ಉಬ್ಬುತ್ತದೆ, ಹೊರಗೆ ಕಂದು ಕಲೆ ಬಿಡುತ್ತದೆ, ಕೊನೆಗೆ ಉದ್ದಕ್ಕೆ ಬಿರುಕು. ತಂತಿ ಇದ್ದರೂ ಕೆಳಗೆ ಬಿದ್ದರೆ ಚಕ್ಕೆ ಏಳುತ್ತದೆ, ಆದರೆ ರುಂಡ ಮುಂಡ ಬೇರೆಯಾಗುವುದಿಲ್ಲ.

ಎರಕದ ಹದವೂ ಚೆನ್ನಾಗಿದೆ. ಒಂದು ಕೆಜಿ ಪುಡಿಗೆ 700 ಮಿ.ಲೀ. ನೀರು. ನೀರಿಗೆ ಪುಡಿ ಉದುರಿಸಬೇಕೇ ಹೊರತು ಪುಡಿಗೆ ನೀರು ಹೊಯ್ದರೆ ಗಂಟು ಗ್ಯಾರಂಟಿ. ಎರಡು ನಿಮಿಷ ನೆನೆಯಲು ಬಿಟ್ಟು, ಗಾಳಿ ಸೇರದಂತೆ ನಿಧಾನಕ್ಕೆ ಕಲಸಿ, ಅಚ್ಚಿಗೆ ಸುರಿದ ಮೇಲೆ ಬದಿಗೆ ತಟ್ಟುತ್ತಾರೆ. ತಟ್ಟದಿದ್ದರೆ ಮೂಗಿನ ತುದಿಯಲ್ಲೋ ಬೆರಳಿನ ಸಂದಿಯಲ್ಲೋ ಗುಳ್ಳೆ ಕೂತು ಅಲ್ಲಿ ತೂತು ಉಳಿಯುತ್ತದೆ. ನಾವು ನೋಡಿದ ಆರರಲ್ಲಿ ಒಂದರ ಮೊಣಕೈಯಲ್ಲಿ ಮಾತ್ರ ಸಣ್ಣ ತೂತಿತ್ತು, ಅದನ್ನೂ ಪುಟ್ಟಿ ತುಂಬಿ ಉಜ್ಜಿದ್ದರು.

ತಕರಾರು ಇರುವುದು ಒಣಗಿಸುವುದರಲ್ಲಿ. ಒಂದು ಕೆಜಿ ಪುಡಿ ಗಟ್ಟಿಯಾಗಲು ನಿಜಕ್ಕೂ ಬೇಕಾದ್ದು 190 ಮಿ.ಲೀ. ಆಸುಪಾಸು ನೀರು. ಉಳಿದ ಅರ್ಧ ಲೀಟರ್ ಸುರಿಯಲು ಸಲೀಸಾಗಲಿ ಎಂದು ಹಾಕಿದ್ದು, ಅದು ಆರಿಯೇ ಹೋಗಬೇಕು. ಬೇಸಿಗೆಯಲ್ಲಿ ನಾಲ್ಕೈದು ದಿನ ಸಾಕು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹತ್ತು ದಿನವಾದರೂ ಸಾಲದು. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಕೆನ್ನೆಗೆ ಒತ್ತಿ ನೋಡಿದರೆ ತಣ್ಣಗೆ ಹತ್ತುತ್ತದೆ. ಹಾಗೆ ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ಆರ್ಡರಿನ ಅವಸರಕ್ಕೆ ಹಸಿ ಮೈಗೇ ಬಣ್ಣ ಹೊಡೆದರೆ ತಿಂಗಳೊಳಗೆ ಬೊಕ್ಕೆ ಎದ್ದು ಹಾಳೆಹಾಳೆಯಾಗಿ ಸುಲಿಯುತ್ತದೆ. ಜುಲೈಯಲ್ಲಿ ಬಂದ ಎರಡು ಟ್ರೋಫಿಗಳ ಬೆನ್ನಿನಲ್ಲಿ ಇದೇ ಆಗಿದೆ. ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಡುವುದೂ ತಪ್ಪು. 50 ಡಿಗ್ರಿ ದಾಟಿದ ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೇಲ್ಮೈ ಪುಡಿಪುಡಿಯಾಗುತ್ತದೆ. ಫ್ಯಾನಿನ ಗಾಳಿಯೇ ಒಳ್ಳೆಯದು. ದಿನಕ್ಕೊಮ್ಮೆ ತಕ್ಕಡಿಗೆ ಇಟ್ಟು, ತೂಕ ಇಳಿಯುವುದು ನಿಂತ ಮೇಲಷ್ಟೇ ಬಣ್ಣದ ಡಬ್ಬಿ ತೆರೆಯಬೇಕು.

ಬಣ್ಣದ ಕ್ರಮ ಅಂಗಡಿಯವರಿಗೆ ಗೊತ್ತಿದೆ: ಎರಡು ಕೋಟ್ ಅರಗಿನ ಪಾಲಿಶ್, ಅದರ ಮೇಲೆ ಕೆಮ್ಮಣ್ಣು ಬಣ್ಣದ ಅಸ್ತರಿ, ಆಮೇಲೆ ಚಿನ್ನದ ಬಣ್ಣ. ಅಸ್ತರಿ ಕೆಂಪಾಗಿದ್ದರೆ ಚಿನ್ನಕ್ಕೆ ಕಾವು ಬರುತ್ತದೆ, ಬಿಳಿಯ ಮೇಲೆ ಹೊಡೆದದ್ದು ಹಿತ್ತಾಳೆ ಚೊಂಬಿನಂತೆ ಪೇಲವ. ಒಂದನ್ನು ಮಾತ್ರ ಬಿಡುತ್ತಾರೆ: ಕೊನೆಯ ಲ್ಯಾಕರ್ ಕೋಟ್. ಈ ಚಿನ್ನದ ಬಣ್ಣದ ಪುಡಿ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಕಡಲ ಉಪ್ಪುಗಾಳಿಗೆ ವರ್ಷದೊಳಗೆ ಕಪ್ಪಾಗಿ, ಸಂದಿಗಳಲ್ಲಿ ಹಸಿರು ಕಟ್ಟುತ್ತದೆ. ಕೇಳಿದರೆ ಹಾಕಿಕೊಡುತ್ತಾರೆ, ಕೇಳದಿದ್ದರೆ ಇಲ್ಲ.

ಪೀಠ ಸೇರಿ ತೂಕ 900 ಗ್ರಾಂ. ಅಸಲಿ ಆಸ್ಕರ್ 3.85 ಕೆಜಿ ಇರುವುದರಿಂದ ಕೈಗೆ ಹಗುರ ಎನಿಸುವುದು ಸಹಜ. ವೇದಿಕೆಯಲ್ಲಿ ಗಾಳಿಗೆ ಉರುಳದಂತೆ ಪೀಠದಡಿ ಸೀಸದ ತುಂಡು ಕೂರಿಸಲು ಹೇಳಬಹುದು.

ಡಿಸೆಂಬರಿನ ಕಾರ್ಯಕ್ರಮವಾದರೂ ಸರಿ, ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲೇ, ಅಂದರೆ ಮಳೆಗಾಲ ಹಿಡಿಯುವ ಮುಂಚೆ, ಎರಕ ಹೊಯ್ಸಿ, ಬಣ್ಣ ಹಚ್ಚಿಸಿ ಇಟ್ಟುಕೊಳ್ಳಿ. ಹೆಸರಿನ ಪಟ್ಟಿಯನ್ನು ಪೀಠಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ ಸಾಕು, ಅದಕ್ಕೆ ಒಂದು ದಿನ ಹಿಡಿಯುತ್ತದೆ.